ಮಲಗದ ಬಾಟಲಿಗಳು

“ಏಳನೇದೂ ಎದ್ದುಬಿಡ್ತು ಸರ್, ಬೇಕಾದ್ರೆ ನೀವೇ ಬೆರಳಿಟ್ಟು ನೋಡಿ,” ಅಂದಳು ದಿವ್ಯ, ಬೆಚ್ಚನೆ ಕೋಣೆಯ ಬಾಗಿಲನ್ನು ಮೊಣಕೈಯಲ್ಲಿ ತಡೆದು ಹಿಡಿದುಕೊಂಡು.

ಚಲಪತಿ ಬೆರಳಿಟ್ಟ. ಮುಚ್ಚಳದ ನಡುವಿನ ನಾಲ್ಕಾಣೆಯಗಲದ ಗುಬುಟು ಟಕ್ ಎಂದು ಒಳಕ್ಕೆ ಹೋಯಿತು, ಬೆರಳು ತೆಗೆದ ಕೂಡಲೇ ಟಕ್ ಎಂದು ಮೇಲೆದ್ದಿತು. ಒತ್ತಿದ, ಬಿಟ್ಟ, ಮತ್ತೆ ಒತ್ತಿದ, ಮತ್ತೆ ಬಿಟ್ಟ. ಹಲ್ಲಿ ಲೊಚಗುಟ್ಟಿದ ಹಾಗೆ ಟಕ್ ಟಕ್, ಟಕ್ ಟಕ್. ಅವನಿಗೆ ನಗು ಬಂತು. ಬರಬಾರದ ಹೊತ್ತಿನಲ್ಲಿ ಬರುವ ನಗು ಅದು, ಹೊಟ್ಟೆಯ ತಳದಿಂದ ಗುಳ್ಳೆಗುಳ್ಳೆಯಾಗಿ ಎದ್ದು ಗಂಟಲ ಹತ್ತಿರ ಬಂದು ನಿಂತುಕೊಂಡಿತು. ಏಳು ಬಾಟಲಿ. ಗಾಜಿನ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾಗಿರುವ ಘಾಟಿ ಸುಬ್ರಹ್ಮಣ್ಯನಿಗೂ ಏಳೇ ಹೆಡೆ. ಹೆಡೆಗೊಂದರಂತೆ ಎಬ್ಬಿಸಿದ್ದೀಯ ಸ್ವಾಮಿ, ಇನ್ನು ಸಾಕು ಮಾಡಬಹುದಲ್ಲ, ಎಂದು ಮನಸ್ಸಿನಲ್ಲೇ ಅಂದುಕೊಂಡ. ದಿವ್ಯ ಕೇಳುತ್ತಿದ್ದಳು, ಸರ್ ಹುಷಾರಿದೀರಾ, ಮುಖ ಒಂಥರಾ ಇದೆ, ಅಂತ. ಮಂಗಳವಾರ ಅಲ್ವಾ ಒಪ್ಪೊತ್ತು, ಹೊಟ್ಟೆ ಖಾಲಿ, ಅಂದ. ಅದು ನಿಜವೇ ಆಗಿತ್ತು. ಈಚೀಚೆಗೆ ಅವನು ನಿಜ ಹೇಳುವುದನ್ನು ಇಂಥ ಸಣ್ಣ ಸಣ್ಣ ವಿಷಯಗಳಿಗೆ ಮಾತ್ರ ಬಳಸುತ್ತಿದ್ದ.

ಬೆಚ್ಚನೆ ಕೋಣೆ ಎಂದರೆ ದೊಡ್ಡ ಕೋಣೆಯೇನಲ್ಲ. ಬಾಶೆಟ್ಟಿಹಳ್ಳಿಯ ಆ ಪುಟ್ಟ ಹಣ್ಣಿನ ಪಾನೀಯದ ಕಾರ್ಖಾನೆಯಲ್ಲಿ ಹಿಂದೊಮ್ಮೆ ಪೊರಕೆ, ಬಕೆಟ್ಟು ಇಡುತ್ತಿದ್ದ ಗೂಡು. ಈಗ ಅದಕ್ಕೊಂದು ಹೀಟರು, ಒಂದು ಥರ್ಮಾಮೀಟರು, ಗೋಡೆಗೆ ಮೂರು ಸಾಲು ಹಲಗೆ. ತುಂಬಿದ ಪ್ರತಿ ಬ್ಯಾಚಿನಿಂದಲೂ ನಲವತ್ತೆಂಟು ಬಾಟಲಿ ತಂದು ಹತ್ತು ದಿನ ಇಲ್ಲಿ ಕಾವಿಗೆ ಇಡುತ್ತಾರೆ. ಒಳಗೆ ಜೀವವೇನಾದರೂ ಉಳಿದುಕೊಂಡಿದ್ದರೆ ಈ ಸೆಕೆಗೆ ಅದು ಎಚ್ಚರವಾಗಿ, ಸಕ್ಕರೆ ತಿಂದು, ಉಸಿರು ಬಿಟ್ಟು, ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತದೆ. ಹತ್ತು ದಿನ ಯಾವುದೂ ಏಳದಿದ್ದರೆ ಚಲಪತಿ ಸಹಿ ಹಾಕುತ್ತಾನೆ, ಬ್ಯಾಚು ಲಾರಿ ಹತ್ತುತ್ತದೆ. ಮರಿ ಆಗಬಾರದು ಅಂತ ಕಾವು ಕೊಡೋ ಕೋಳಿ ನಾವು, ಅಂತ ಅವನು ಹೊಸಬರಿಗೆಲ್ಲ ಹೇಳಿ ನಗಿಸುತ್ತಿದ್ದ. ದಿವ್ಯ ಬಂದ ದಿನ ಅವಳಿಗೂ ಹೇಳಿದ್ದ. ಅವಳು ನಕ್ಕಿರಲಿಲ್ಲ, ಪುಸ್ತಕ ತೆಗೆದು ಬರೆದುಕೊಂಡಿದ್ದಳು. ನೆಲಮಂಗಲದ ಹುಡುಗಿ, ಎಂಎಸ್ಸಿ, ಎರಡು ಬಸ್ಸು ಬದಲಿಸಿ ಬಂದರೂ ಒಂದು ದಿನವೂ ತಡವಾದವಳಲ್ಲ. ಚಲಪತಿ ಹತ್ತನೇ ಕ್ಲಾಸಿಗೆ ಬಿಟ್ಟು ದೊಡ್ಡಬಳ್ಳಾಪುರದ ಮಗ್ಗಗಳ ನಡುವೆ ಬೆಳೆದವನು. ನಲವತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುವಾಗ ಯಾವ ಮಗ್ಗದಲ್ಲಿ ಎಳೆ ಹರಿಯಿತು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಕಿವಿ ಅವನದು. ಆ ಕಿವಿಯೇ ಈಗ ಮುಚ್ಚಳದ ಟಕ್ಕಿಗೆ ತಾಳ ಹಾಕುತ್ತಿತ್ತು.

ಕೆಟ್ಟಿರುವುದು ದ್ರಾಕ್ಷಿ. ಮಾಲೀಕ ಮನೋಹರ್ ಕಂಡ ಕನಸಿನ ದ್ರಾಕ್ಷಿ. ಘಾಟಿಗೆ ಬರುವ ಭಕ್ತರು ಕುಡಿದ ಮೇಲೆ ಬಾಟಲಿ ಎಸೆಯಬಾರದು, ಮನೆಗೆ ಒಯ್ದು ತೀರ್ಥ ತುಂಬಿಡಬೇಕು, ಮನಿಪ್ಲಾಂಟ್ ಬೆಳೆಸಬೇಕು, ಹಾಗಾಗಿ ಕಾಗದದ ಲೇಬಲ್ ಬೇಡ, ಗಾಜಿನ ಮೇಲೇ ಸ್ವಾಮಿ ಇರಲಿ, ಅಂತ ಅವನು ಆರು ತಿಂಗಳು ಓಡಾಡಿ ಅಚ್ಚು ಹಾಕಿಸಿಕೊಂಡು ಬಂದಿದ್ದ. ಎರಡು ಸಾವಿರದ ನಾನೂರು ಬಾಟಲಿ ಗೋದಾಮಿನಲ್ಲಿ ಕೂತಿವೆ. ಇವತ್ತು ಹತ್ತನೇ ದಿನ, ನಾಲ್ಕು ಗಂಟೆಗೆ ಲಾರಿ ಬರಬೇಕಿತ್ತು. ಮೊದಲ ಬಾಟಲಿ ಎದ್ದಾಗಲೇ ಲಾರಿ ಬೇಡ ಅಂತಾಗಿತ್ತು. ಉಳಿದಿದ್ದು ಒಂದೇ ಪ್ರಶ್ನೆ, ಇದನ್ನು ಯಾರ ತಲೆಗೆ ಕಟ್ಟುವುದು. ಮನೋಹರನ ಬೆರಳು ಆಗಲೇ ಸಮೀರನ ಕಡೆ ತಿರುಗಿತ್ತು. ರಸ ಕುದಿಸುವ ಯಂತ್ರ ಅವನದು. ದ್ರಾಕ್ಷಿ ತುಂಬಿದ ದಿನ ಹನ್ನೊಂದೂ ಇಪ್ಪತ್ತಕ್ಕೆ ಎರಡು ನಿಮಿಷ ಕರೆಂಟು ಹೋಗಿ ಬಿಸಿ ಇಳಿದಿದ್ದು ಚಾರ್ಟಿನಲ್ಲಿ ಕಾಣುತ್ತದೆ. ಹನ್ನೆರಡಕ್ಕೆ ಎಲ್ಲರೂ ಆಫೀಸಿಗೆ ಬರಬೇಕು, ಸಮೀರ್ ನಾಳೆಯಿಂದ ಬರೋದು ಬೇಡ ಅಂತ ಅಲ್ಲೇ ಹೇಳಿಬಿಡ್ತೀನಿ, ಅಂತ ಮನೋಹರ್ ಬೆಳಿಗ್ಗೆಯೇ ಚಲಪತಿಗೆ ಫೋನಿನಲ್ಲಿ ತಿಳಿಸಿದ್ದ. ಚಲಪತಿ ಹೂಂ ಅಂದಿದ್ದ. ಹೂಂ ಎಂದರೆ ಕೇಳಿಸಿತು ಅಂತಲೂ ಆಗುತ್ತದೆ ಎಂದು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಷ್ಟು ಹೊತ್ತೂ ತನಗೆ ತಾನೇ ವಾದ ಮಾಡಿಕೊಂಡಿದ್ದ.

ದಿವ್ಯ ಮಾತ್ರ ತಲೆ ಕೆಡಿಸಿಕೊಂಡಿದ್ದಳು. ನೋಡಿ ಸರ್, ಅಂತ ಬೆರಳು ಮಡಚಿದಳು. ದ್ರಾಕ್ಷಿ ಇಷ್ಟು ಹುಳಿ, ಇದರೊಳಗೆ ಯೀಸ್ಟು, ಬೂಸ್ಟು ಬಿಟ್ಟರೆ ಬೇರೆ ಯಾವುದೂ ಬದುಕುವುದು ಕಷ್ಟ. ಎಂಬತ್ತೇಳು ಡಿಗ್ರಿಯ ರಸ ಬಾಟಲಿಗೆ ಬಿದ್ದರೆ ಯೀಸ್ಟು ಅರ್ಧ ನಿಮಿಷವೂ ತಡೆಯುವುದಿಲ್ಲ. ಕರೆಂಟು ಹೋದ ಆ ಎರಡು ನಿಮಿಷದ ಬಾಟಲಿಗಳು ಎದ್ದಿದ್ದರೆ ಸರಿ, ಒಪ್ಪಬಹುದಿತ್ತು. ಆದರೆ ಇಲ್ಲಿ ಎದ್ದಿರುವುದು ಎರಡು ಬೆಳಿಗ್ಗೆ ಒಂಬತ್ತರವು, ಮೂರು ಮಧ್ಯಾಹ್ನದವು, ಎರಡು ಕಟ್ಟಕಡೆಯ ಗಂಟೆಯವು. “ಬಿಸಿ ತಾಗದೇ ಇರೋ ಜಾಗ ಎಲ್ಲೋ ಒಂದಿದೆ ಸರ್, ಅವತ್ತು ಪೂರ್ತಿ ದಿನ ತಾಗಿಲ್ಲ. ಎಲ್ಲಿ ಅಂತ ನಂಗೆ ಹೊಳೀತಾ ಇಲ್ಲ,” ಅಂದು, ಪರೀಕ್ಷೆಗೆ ತಟ್ಟೆ ತರುತ್ತೇನೆ, ಬಾಟಲಿ ಮುಟ್ಟಬೇಡಿ ಎಂದು ಹೇಳಿ ಹೋದಳು.

ಮುಚ್ಚಳದ ಹೊಟ್ಟೆ, ಎಂದು ಚಲಪತಿ ಹೀಟರಿಗೆ ಹೇಳಿದ. ಮುಚ್ಚಳದ ಒಳಹೊಟ್ಟೆ ಕಣಮ್ಮ. ರಸ ಬಾಟಲಿಯ ಕುತ್ತಿಗೆಯ ತನಕ ಬರುತ್ತದೆ, ಮೇಲೊಂದು ಬೆರಳು ಜಾಗ ಖಾಲಿ. ಮುಚ್ಚಳ ತಣ್ಣಗಿನ ಚೀಲದಿಂದ ಬಂದದ್ದು, ಅದಕ್ಕೆ ಗಾಳಿಯ ಧೂಳು, ಕೈಯ ಬೆವರು ಎಲ್ಲ ಅಂಟಿರುತ್ತದೆ. ಅದಕ್ಕೇ ಮುಚ್ಚಳ ಬಿಗಿದ ಕೂಡಲೇ ಬಾಟಲಿಯನ್ನು ಓರೆ ಹಲಗೆಯ ಮೇಲೆ ತಲೆ ತಗ್ಗಾಗಿ ಮಲಗಿಸಬೇಕು, ಒಂದು ನಿಮಿಷ, ಕುದಿರಸ ಮುಚ್ಚಳವನ್ನು ಮುಟ್ಟಿ ಸುಡುವಷ್ಟು ಹೊತ್ತು. ದೊಡ್ಡ ಕಾರ್ಖಾನೆಗಳಲ್ಲಿ ಬಾಟಲಿ ತಾನೇ ಉರುಳಿಕೊಂಡು ಹೋಗುವ ಯಂತ್ರ ಇದೆಯಂತೆ. ಇಲ್ಲಿ ಇರುವುದು ಅಮ್ಮಯಮ್ಮನ ಎರಡು ಕೈ, ಎರಡು ಬಟ್ಟೆ ಕೈಗವಸು. ಕಾರ್ಖಾನೆಯ ಬಾಗಿಲು ತೆರೆದ ದಿನದಿಂದ ಅವಳು ಆ ಹಲಗೆಯ ಮುಂದೆಯೇ ನಿಂತವಳು, ಮಾವು, ಸೀಬೆ, ನಿಂಬೆ ಎಲ್ಲವನ್ನೂ ಮಲಗಿಸಿ ಎಬ್ಬಿಸಿದವಳು, ಒಂದು ಬಾಟಲಿ ತಪ್ಪಿದವಳಲ್ಲ. ಆ ಒಂದು ದಿನ ಮಾತ್ರ ಅವಳು ಯಾವ ಬಾಟಲಿಯನ್ನೂ ಮಲಗಿಸಲಿಲ್ಲ. ಅದನ್ನು ಚಲಪತಿ ನೋಡಿದ್ದ. ಒಂಬತ್ತು ಗಂಟೆಗೆ ಪುಸ್ತಕ ಹಿಡಿದು ಬಂದಾಗ ಹಲಗೆ ಬರಿದಾಗಿತ್ತು. ಪಕ್ಕದ ಮೇಜಿನ ಮೇಲೆ ಆವಿಯ ನಡುವೆ ಸಾಲುಸಾಲಾಗಿ ಸುಬ್ರಹ್ಮಣ್ಯರು ನೆಟ್ಟಗೆ ನಿಂತಿದ್ದರು, ಹೆಡೆಗಳ ಮೇಲೆ ನೀರಹನಿ ಜಾರುತ್ತಿತ್ತು, ಹಿಂದಿನಿಂದ ಕಿಟಕಿಯ ಬಿಸಿಲು ಬಿದ್ದು ದ್ರಾಕ್ಷಿರಸವೆಲ್ಲ ಕೆಂಪು ದೀಪದ ಹಾಗೆ ಹೊಳೆಯುತ್ತಿತ್ತು. ಅಮ್ಮಯಕ್ಕ ಇದೇನು ಅಂತ ಕೇಳಲು ಬಾಯಿ ತೆರೆದವನ ಕೈ ಬಾಯಿಗಿಂತ ಮುಂಚೆ ಕೆಲಸ ಮಾಡಿತು. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ಮುಗಿದ. ಆಮೇಲೆ ಪುಸ್ತಕ ತೆರೆದು ‘ಮಲಗಿಸಿದ್ದು’ ಎಂಬ ಮನೆಯಲ್ಲಿ ಒಂದು ಸರಿ ಗುರುತು ಹಾಕಿದ. ಒಂದು ಹಾಕಿದ ಮೇಲೆ ಎರಡನೆಯದು ಹಾಕದೆ ಇರುವುದು ಹೇಗೆ? ಅರ್ಧ ಗಂಟೆಗೊಂದರಂತೆ ಸಂಜೆಯ ತನಕ ಹದಿನಾರು. ಕೊನೆಕೊನೆಯವು ಮೊದಲಿನವಕ್ಕಿಂತ ಚೆನ್ನಾಗಿ, ಬಾಲ ಎಳೆದು, ಬಿದ್ದಿದ್ದವು.

ಅವನು ಏಳನೇ ಬಾಟಲಿಯ ಮುಚ್ಚಳ ತಿರುಗಿಸಿದ. ಬುಸ್ ಎಂದಿತು. ಸುಬ್ರಹ್ಮಣ್ಯನ ಬಾಟಲಿ ಬುಸ್ ಎನ್ನದೆ ಇನ್ನೇನು ಅನ್ನುತ್ತದೆ, ಎಂದುಕೊಂಡದ್ದೇ ಮತ್ತೆ ಆ ನಗು. ಮೂಗಿಗೆ ಹಣ್ಣಂಗಡಿಯ ಹಿಂಬದಿಯ ವಾಸನೆ ಹೊಡೆಯಿತು, ಹಿಟ್ಟು ಹುದುಗಿದ ವಾಸನೆ, ಮಗ್ಗದ ಗೆಳೆಯರು ಒಮ್ಮೆ ಮೂಗಿಗೆ ಹಿಡಿದು ಹೆದರಿಸಿದ್ದ ಗ್ಲಾಸಿನ ವಾಸನೆ. ಅವನು ಜನ್ಮದಲ್ಲಿ ಕುಡಿದವನಲ್ಲ. ಅವತ್ತು ಆ ಗ್ಲಾಸು ಮೂಸಿಯೇ ವಾಂತಿ ಮಾಡಿಕೊಂಡು ಒಂದು ವರ್ಷ ಎಲ್ಲರ ಬಾಯಲ್ಲಿ ನಗೆಪಾಟಲಾಗಿದ್ದ. ರುಚಿ ನೋಡುವುದು ಅವನ ಹಳೆಯ ಅಭ್ಯಾಸ. ದಿವ್ಯ ಬಂದ ಮೇಲೆ, ಕೆಟ್ಟದ್ದನ್ನು ಬಾಯಿಗೆ ಹಾಕ್ಬಾರ್ದು ಸರ್ ಅಂತ ಬಿಡಿಸಿದ್ದಳು. ಈಗ ಅಂಗೈ ಗುಳಿ ಮಾಡಿಕೊಂಡು ತೀರ್ಥದಷ್ಟು ಸುರಿದುಕೊಂಡ. ಸ್ವಾಮಿಯ ಬಾಟಲಿ, ಸ್ವಾಮಿಯ ವಾರ, ನಾನು ಒಳಗೆ ಬಿಟ್ಟಿದ್ದು ಮೊದಲು ನನ್ನ ಹೊಟ್ಟೆಗೇ ಬರಲಿ. ನಾಲಿಗೆ ಚುರುಗುಟ್ಟಿತು. ಮತ್ತೊಂದು ಅಂಗೈ. ಆಮೇಲೆ ಅಂಗೈಯ ಗೊಡವೆ ಬೇಡವೆಂದು ಬಾಟಲಿಯನ್ನೇ ಎತ್ತಿದ. ಖಾಲಿ ಹೊಟ್ಟೆಗೆ ಅದು ಇಳಿಯುತ್ತಿದ್ದುದು ಅವನಿಗೆ ಕೇಳಿಸಿತು, ಮೆಟ್ಟಿಲು ಮೆಟ್ಟಿಲಾಗಿ. ಅರ್ಧ ಬಾಟಲಿ ಮುಗಿದಾಗ ಹೀಟರಿನ ಕೆಂಪು ಸುರುಳಿ ತನ್ನನ್ನು ನೋಡಿ ಮುಗುಳ್ನಗುತ್ತಿದೆ ಅನ್ನಿಸಿತು. ಕಾಲಿನಡಿ ನೆಲ ಹಗುರವಾಗಿತ್ತು. ಓಹೋ, ಇದಕ್ಕೇ ಜನ ಅಷ್ಟು ಕಷ್ಟಪಡುವುದು, ಎಂದುಕೊಂಡು ಗೋಡೆ ಹಿಡಿದುಕೊಂಡು, ಗೋಡೆಗೆ ಥ್ಯಾಂಕ್ಸ್ ಹೇಳಿದ.

ಹೊರಗೆ ಓಣಿಯಲ್ಲಿ ಸಮೀರ್ ನಿಂತಿದ್ದ. ಕೈಯಲ್ಲಿ ಅವತ್ತಿನ ಚಾರ್ಟು, ತಟ್ಟೆಯಗಲದ ದುಂಡು ಕಾಗದ, ಅದರ ಮೇಲೆ ನೀಲಿ ಗೆರೆ ಸುತ್ತಿಕೊಂಡು ಬಂದಿತ್ತು. ಒಂದು ಕಡೆ ಹಲ್ಲಿನಷ್ಟು ಕಚ್ಚು. ಆ ಕಚ್ಚಿನ ಪಕ್ಕದಲ್ಲಿ ಅವನು ಅವತ್ತೇ ಸಣ್ಣಕ್ಷರದಲ್ಲಿ ಬರೆದಿದ್ದ, ಕರೆಂಟು ಇಲ್ಲ, ತುಂಬುವುದು ನಿಲ್ಲಿಸಿದೆ, ಬಿಸಿಯಾದ ಮೇಲೆ ಶುರು ಮಾಡಿದೆ. ಅವನು ಚಲಪತಿಯ ಮುಖವನ್ನು ನೋಡುವುದಕ್ಕೂ ಸಂಕೋಚಪಟ್ಟುಕೊಂಡು ಚಾರ್ಟನ್ನೇ ನೋಡುತ್ತ ಅಂದ, “ಅಣ್ಣ, ನೀವೊಬ್ರು ಹೇಳಿದ್ರೆ ಸಾಕು. ಅವತ್ತು ಬಿಸಿ ಇತ್ತು ಅಂತ. ನಿಮ್ ಮಾತು ಅವ್ರು ತೆಗೆದು ಹಾಕಲ್ಲ.” ಚಲಪತಿ ಅವನ ಹೆಗಲ ಮೇಲೆ ಕೈ ಇಡಲು ಹೋಗಿ, ತನ್ನ ಉಸಿರಿನ ನೆನಪಾಗಿ, ಕೈಯನ್ನು ಅರ್ಧಕ್ಕೇ ನಿಲ್ಲಿಸಿದ. ಆ ಹೆಗಲು ಅವನಪ್ಪ ಸರ್ದಾರ್ ಪಾಷಾನ ಹೆಗಲೇ, ಸ್ವಲ್ಪ ಬಲಕ್ಕೆ ವಾಲಿದ್ದು. ಮಗ್ಗ ನಿಂತುಹೋಗಿ ಚಲಪತಿ ಕೆಲಸ ಕೇಳಿಕೊಂಡು ಬಂದ ವರ್ಷ ಬಾಯ್ಲರು ನೋಡುತ್ತಿದ್ದ ಪಾಷಾ ಭಾಯಿ ಅವನನ್ನು ಪೈಪಿನ ಹತ್ತಿರ ನಿಲ್ಲಿಸಿ, ಮೊದಲು ಕೈಯಲ್ಲಿ ಬಿಸಿ ಗೊತ್ತುಮಾಡಿಕೋ, ಆಮೇಲೆ ಮೀಟರಿನ ಮುಳ್ಳು ನೋಡು, ಮುಳ್ಳು ಹೇಳಿದ್ದು ಕೈ ಒಪ್ಪಬೇಕು, ಅಂತ ಮೂರು ತಿಂಗಳು ಕಲಿಸಿದ್ದ. ಮಧ್ಯಾಹ್ನ ತನ್ನ ಡಬ್ಬಿಯಿಂದ ಹೆಂಡತಿ ಶರೀಫುನ್ನೀಸಾ ಮಾಡಿ ಕಳಿಸಿದ ಚಪಾತಿಯಲ್ಲಿ ಒಂದನ್ನು ಇವನ ಡಬ್ಬಿಯ ಮುಚ್ಚಳಕ್ಕೆ ಹಾಕಿ, ಗೋಡೆ ಕಡೆ ತಿರುಗಿ ಕೂರುತ್ತಿದ್ದ, ಇವನು ನಾಚದೆ ತಿನ್ನಲಿ ಅಂತ. “ಬಿಸಿ ಯಾವತ್ತೂ ಸುಳ್ಳು ಹೇಳಲ್ಲ ಚಲಪತಿ, ಬರೆಯೋ ಕೈ ಹೇಳತ್ತೆ,” ಅನ್ನುತ್ತಿದ್ದ. ಆ ಮಾತು ಈಗ ಹದಿನಾರು ಸರಿ ಗುರುತಿಗೂ ಒಂದೊಂದು ಸಲ ಕೇಳಿಸಿತು. ವಿಚಿತ್ರವೆಂದರೆ ಅದೂ ನಗು ಬರಿಸಿತು. ಕೈ, ಅಂದ ಚಲಪತಿ ಜೋರಾಗಿ. ಏನಣ್ಣ, ಅಂದ ಸಮೀರ್. ಏನಿಲ್ಲಪ್ಪ, ನಡಿ ಒಳಗೆ.

ಆಫೀಸಿನಲ್ಲಿ ಮನೋಹರ್ ಕುರ್ಚಿಯಲ್ಲಿ ಕೂತಿರಲಿಲ್ಲ, ಅದರ ಹಿಂದೆ ನಿಂತು ಅದರ ಬೆನ್ನು ಹಿಡಿದುಕೊಂಡಿದ್ದ. ಒಳ್ಳೆಯ ಮನುಷ್ಯ, ಯಾರನ್ನಾದರೂ ಕೆಲಸದಿಂದ ಬಿಡಿಸುವ ದಿನ ಅವನಿಗೆ ಕೂರಲು ಆಗುವುದಿಲ್ಲ. ಮೇಜಿನ ಮೇಲೆ ಒಂದು ದ್ರಾಕ್ಷಿ ಬಾಟಲಿ, ಖಾಲಿಯದು, ಅದರಲ್ಲಿ ಆಗಲೇ ಒಂದು ಬಳ್ಳಿ ಚಿಗುರಿತ್ತು. ದಿವ್ಯ ತನ್ನ ಪಟ್ಟಿ ಓದಿದಳು. ಸಮೀರ್ ಚಾರ್ಟು ಬಿಡಿಸಿಟ್ಟ. ಮನೋಹರ್ ಆ ಕಚ್ಚಿನ ಮೇಲೆ ಬೆರಳಿಟ್ಟು, ನಾನೇನೂ ನಿನ್ನ ಮೇಲೆ ದ್ವೇಷ ಇಟ್ಟುಕೊಂಡಿಲ್ಲ ಸಮೀರ್, ಆದರೆ ದೇವರ ಹೆಸರಿನ ಮಾಲು, ಘಾಟಿಯ ಅಂಗಡಿಯವರಿಗೆ ನಾನು ಏನಂತ ಮುಖ ತೋರಿಸಲಿ, ಎಲ್ಲೋ ಒಂದು ಕಡೆ ಬಿಸಿ ಕಡಿಮೆ ಆಗಿದೆ, ಬಿಸಿ ನಿನ್ನದು, ಅಂತ ಶುರು ಮಾಡಿದ. ಎಲ್ಲ ಗಂಟೆಯವೂ ಎದ್ದಿವೆ ಸರ್, ಎಂದು ದಿವ್ಯ ನಡುವೆ ಬಾಯಿ ಹಾಕಿದಳು, ಅದು ಯಾರಿಗೂ ಬೇಡವಾಗಿತ್ತು. ಚಲಪತಿ ಮೇಜಿನ ಮೇಲಿನ ಬಾಟಲಿಯನ್ನು ನೋಡುತ್ತಿದ್ದ. ಬಳ್ಳಿಯ ಎಲೆಯೊಂದು ಏಳು ಹೆಡೆಯಲ್ಲಿ ಒಂದರ ಮೇಲೆ ಬಾಗಿ, ಸ್ವಾಮಿಯ ಒಂದು ಕಣ್ಣು ಮುಚ್ಚಿತ್ತು. ಉಳಿದ ಕಣ್ಣುಗಳೆಲ್ಲ ಇವನ ಮೇಲೆ. ಹೇಳ್ತೀಯೋ ನಾನೇ ಹೇಳಲೋ, ಎನ್ನುವ ಹಾಗೆ ಕಣ್ಣು ಹೊಡೆದಂತಿತ್ತು. ಬೆಳಿಗ್ಗೆಯಿಂದ ಗಂಟಲಲ್ಲಿ ನಿಂತಿದ್ದ ಗುಳ್ಳೆ ಒಡೆಯಿತು. ಅವನು ನಕ್ಕ. ಸಣ್ಣಗೆ ಅಲ್ಲ, ಬಗ್ಗಿ, ಮೇಜು ಹಿಡಿದು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಒಬ್ಬನ ಅನ್ನ ಹೋಗುವ ಹೊತ್ತಿನಲ್ಲಿ ತಾನು ನಗುತ್ತಿದ್ದೇನೆ ಎಂಬ ನಾಚಿಕೆ ಕಿವಿಯ ತುದಿಯವರೆಗೂ ಬಿಸಿಯಾಗಿ ಹರಿಯಿತು. ಆದರೂ ನಿಲ್ಲಲಿಲ್ಲ.

“ಏನ್ರೀ ಚಲಪತಿ, ಕುಡಿದಿದೀರಾ?”

“ಕುಡಿದಿದೀನಿ ಸರ್,” ಅಂದ ಅವನು, ಕಣ್ಣೊರೆಸಿಕೊಳ್ಳುತ್ತ. “ನಮ್ದೇ ದ್ರಾಕ್ಷಿ.”

ಅಷ್ಟು ಹೇಳಿದ ಮೇಲೆ ಉಳಿದದ್ದು ಹೇಳುವುದು ಸುಲಭವಾಯಿತು. ಕುಡಿದವನ ಮಾತಿಗೆ ಬೇಲಿ ಯಾಕೆ. ಹೇಳಿದ. ಬಿಸಿ ಸರಿ ಇತ್ತು, ಸಮೀರನದು ಒಂದು ಎಳೆ ತಪ್ಪಿಲ್ಲ. ಮಲಗಿಸಿಲ್ಲ ಸರ್, ಒಂದೇ ಒಂದು ಬಾಟಲೀನೂ ಮಲಗಿಸಿಲ್ಲ, ಎಲ್ಲ ನಿಂತೇ ಇದ್ದವು, ನಾನು ನೋಡಿದೆ, ಕೈ ಮುಗಿದೆ, ಸರಿ ಅಂತ ಬರೆದೆ, ಹದಿನಾರು ಸಲ. ದಿವ್ಯಳ ಬಾಯಿಂದ ಒಂದೇ ಮಾತು ಬಂತು, ಮುಚ್ಚಳ, ಅಂತ. ಎಷ್ಟು ಸಂತೋಷದಿಂದ ಅಂದಳೆಂದರೆ, ಕಳೆದ ಉಂಗುರ ಸಿಕ್ಕವಳ ಹಾಗೆ. ಮನೋಹರ್ ನಂಬಲಿಲ್ಲ. ಅಮ್ಮಯಮ್ಮ ಹಾಗೆ ಮಾಡುವವಳಲ್ಲ, ಸಮೀರನನ್ನು ಉಳಿಸುವುದಕ್ಕೆ ನೀವು ಕತೆ ಕಟ್ತಿದೀರಿ, ಅವರಪ್ಪ ನಿಮ್ಮ ಗುರು ಅಂತ ನಂಗೊತ್ತಿಲ್ವಾ, ಅಂದ. ಆಗ ಸಮೀರ್ ಮೆಲ್ಲಗೆ ತನ್ನ ಫೋನು ತೆಗೆದ. ಹತ್ತು ದಿನ ಹಿಂದಕ್ಕೆ ಸರಿಸಿಕೊಂಡು ಹೋದ, ಹೋದ, ನಿಂತ. ಫೋನನ್ನು ಮೇಜಿನ ಮೇಲೆ ಚಾರ್ಟಿನ ನಡುವೆ ಇಟ್ಟ. ಕಂಪನಿಯ ಗ್ರೂಪು. ಅವತ್ತು ಬೆಳಿಗ್ಗೆ ಹತ್ತಕ್ಕೆ ಮನೋಹರನೇ ತೆಗೆದು ಹಾಕಿದ ಫೋಟೋ. ಆವಿ, ಬಿಸಿಲು, ಕೆಂಪಾಗಿ ಹೊಳೆಯುವ ಸಾಲುಸಾಲು ಸುಬ್ರಹ್ಮಣ್ಯರು, ಎಲ್ಲರೂ ನೆಟ್ಟಗೆ. ಹಿಂದೆ ಬರಿದಾದ ಓರೆ ಹಲಗೆ, ಅದರ ಪಕ್ಕ ಕೈಕಟ್ಟಿ ನಿಂತ ಅಮ್ಮಯಮ್ಮ. ಕೆಳಗೆ ಮನೋಹರ್ ಬರೆದಿದ್ದ, ನಮ್ಮ ಸ್ವಾಮಿ ದರ್ಶನ ಕೊಟ್ಟ ದಿನ. ಅದರ ಕೆಳಗೆ ನಲವತ್ತೊಂದು ಜನ ಕೈ ಮುಗಿದಿದ್ದರು. ಡ್ರೈವರು ದೇವರಾಜ್ ಎರಡು ಕೈ ಮುಗಿದಿದ್ದ. ಸಮೀರ್ ಹೆಬ್ಬೆರಳು ಎತ್ತಿದ್ದ. ದಿವ್ಯ ಮೂರು ಜೊತೆ ಕೈ ಮುಗಿದು ಒಂದು ಹೂವನ್ನೂ ಇಟ್ಟಿದ್ದಳು. ನಾಲ್ವರೂ ಬಗ್ಗಿ ನೋಡಿದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ದಿವ್ಯಳ ಕಿವಿ ಆ ದ್ರಾಕ್ಷಿಯ ಬಣ್ಣಕ್ಕೆ ಬಂದಿತ್ತು. ನೋಡಿದರೂ ಕಾಣಲಿಲ್ಲವಲ್ಲ ಸರ್ ನಂಗೆ, ಅಂತ ತನಗೆ ತಾನೇ ಗೊಣಗಿಕೊಂಡಳು. ಚಲಪತಿಗೆ ಒಂದು ಕ್ಷಣ ಎಲ್ಲ ಹಂಚಿಹೋದಂತಾಗಿ ಎದೆ ಅರಳಿತು. ಮರುಕ್ಷಣವೇ ಗೊತ್ತಾಯಿತು, ಇವರಿಗೆ ಕಾಣಲಿಲ್ಲ, ತನಗೆ ಕಂಡಿತ್ತು. ಇವರು ಕೈ ಮುಗಿದರು ಅಷ್ಟೇ. ತಾನು ಬರೆದ.

ಅಮ್ಮಯಮ್ಮನನ್ನು ಕರೆಸಿದರು. ಅವಳು ಬಟ್ಟೆ ಕೈಗವಸು ಬಿಚ್ಚದೆಯೇ ಬಂದು ಬಾಗಿಲಲ್ಲಿ ನಿಂತಳು, ಆಚೆ ಮಾವಿನ ಬಾಟಲಿ ಕಾಯುತ್ತಿವೆ ಬೇಗ ಹೇಳಿ ಎನ್ನುವ ಹಾಗೆ. ಮನೋಹರ್ ದನಿ ತಗ್ಗಿಸಿ, ಅಮ್ಮ, ದ್ರಾಕ್ಷೀನ ಮಲಗಿಸಲಿಲ್ವಂತೆ ಹೌದಾ, ಅಂದ. ಅವಳಿಗೆ ಆಶ್ಚರ್ಯವಾಯಿತು, ಇಷ್ಟು ದಿನ ಯಾರೂ ಕೇಳಲಿಲ್ಲವಲ್ಲ ಎಂಬ ಆಶ್ಚರ್ಯ.

“ಮಾವಿನ ಬಾಟ್ಲಿಗೆ ತಲೆ ಯಾವ ದಿಕ್ಕಿಗಿದ್ರೇನು? ನಿಮ್ ಹಲಗೆ ಇಟ್ಟಿರೋದು ಬಡಗ್ಲು ಗೋಡೆಗೆ. ಸ್ವಾಮೀನ ಉತ್ತರಕ್ಕೆ ತಲೆ ಮಾಡಿ, ಅದೂ ತಲೆಕೆಳಗೆ ಮಾಡಿ ಮಲಗಿಸ್ಲಾ? ನಿಮ್ಮನೇಲಿ ಮಗೂನ ಅಂಗೆ ಮಲಗಿಸ್ತೀರಾ?” ಅಂದಳು. ಆಮೇಲೆ ಚಲಪತಿಯ ಕಡೆ ಗಲ್ಲ ತೋರಿಸಿ, “ನಂಗೂ ಅನುಮಾನ ಇತ್ತು ಕಣಪ್ಪ. ಇವ್ನು ಬಂದ, ನೋಡ್ದ, ಕೈ ಮುಗ್ದು ಓದ. ಓ ಅಂಗಾರೆ ಸರಿ ಅಂದ್ಕೊಂಡೆ.”

ಅವಳು ಬೈದಿರಲಿಲ್ಲ, ದೂರಿರಲೂ ಇಲ್ಲ. ಚಲಪತಿಗೆ ಬೆಳಿಗ್ಗೆಯಿಂದ ಚಟಪಟಗುಟ್ಟುತ್ತಿದ್ದ ನಗು ಮೊದಲ ಸಲ ನಿಂತಿತು. ತಾನು ಕೈ ಮುಗಿದದ್ದು ದೇವರಿಗೆ ಮುಟ್ಟಿತೋ ಇಲ್ಲವೋ, ಅಮ್ಮಯಕ್ಕನಿಗೆ ಅಪ್ಪಣೆಯಾಗಿ ಮುಟ್ಟಿತ್ತು. ಅವಳ ಮೇಲೆ ಹಾಕಲು ಇನ್ನು ಏನೂ ಉಳಿದಿರಲಿಲ್ಲ, ಯಾರ ಮೇಲೂ ಉಳಿದಿರಲಿಲ್ಲ. ಮನೋಹರ್ ಕೊನೆಗೂ ಕೂತ. ಸಮೀರನಿಗೆ, ಹೋಗಪ್ಪ ನಿನ್ನ ಕೆಲಸ ನೋಡು, ಅಂದ. ಅದು ಕ್ಷಮೆ ಕೇಳಿದ ಹಾಗೆಯೇ ಇತ್ತು. ಚಾರ್ಟನ್ನು ಮಡಿಸದೆ ಸುರುಳಿ ಸುತ್ತಿ ಅವನ ಕೈಗೇ ಕೊಟ್ಟ. ಗೋದಾಮಿನಲ್ಲಿರುವುದೆಲ್ಲ ಚೆಲ್ಲುವುದು, ಬಾಟಲಿ ತೊಳೆದು ಇಡುವುದು, ಘಾಟಿಯವರಿಗೆ ತಾನೇ ಹೋಗಿ ಹೇಳುವುದು, ಎಂದು ಒಂದೊಂದಾಗಿ ಹೇಳಿಕೊಂಡ, ಬೇರೆ ಯಾರಿಗೋ ಪಾಠ ಒಪ್ಪಿಸುವವನ ಹಾಗೆ. ಬಳ್ಳಿಯ ಎಲೆಯನ್ನು ಸ್ವಾಮಿಯ ಕಣ್ಣಿನಿಂದ ಸರಿಸಿದ. ಆಮೇಲೆ ತಲೆ ಎತ್ತದೆ ಅಂದ, “ಚಲಪತಿ, ಇನ್ಮೇಲೆ ಸಹಿ ದಿವ್ಯಾದು. ನೀವು ಹಲಗೆ ಹತ್ರ ಇರಿ, ಅಮ್ಮನ ಜೊತೆ.”

ಹದಿನೆಂಟು ವರ್ಷ ಹಾಕಿದ ಸಹಿ. ಮೊದಲ ಸಲ ಹಾಕಿದ ದಿನ ಮನೆಗೆ ಹೋಗಿ ಹೆಂಡತಿಗೆ ಹಾಲಿನ ಚೀಟಿಯ ಹಿಂದೆ ಹಾಕಿ ತೋರಿಸಿದ್ದ, ‘ಚ’ದ ಹೊಟ್ಟೆ ದೊಡ್ಡದು ಮಾಡಿ. ಅದು ಹೋಯಿತು ಎಂದಾಗ ಎದೆಯಲ್ಲಿ ಏನೋ ಕುಸಿಯಬೇಕಿತ್ತು. ಅವನು ಕಾದ. ಕುಸಿಯಲಿಲ್ಲ. ಕಾಲು ಇನ್ನೂ ಹಗುರವಾಗಿಯೇ ಇದ್ದವು. ಕುಡಿದದ್ದು ಇಳಿದ ಮೇಲೆ ಅಳು ಬರಬಹುದು, ಅಷ್ಟರೊಳಗೆ ಮನೆ ಸೇರಬೇಕು, ಎಂದು ಲೆಕ್ಕ ಹಾಕುತ್ತ ಓಣಿಗೆ ಬಂದ. ದಿವ್ಯ ಹಿಂದೆಯೇ ಬಂದಳು. ಸಹಿಯ ವಿಷಯಕ್ಕೆ ಏನು ಹೇಳುವುದೋ ತಿಳಿಯದೆ ಬೇರೆ ಏನೋ ಹೇಳಲು ಹೊರಟು, ನೀವು ಎಷ್ಟು ಕುಡಿದ್ರಿ ಸರ್, ಅಂತ ಕೇಳಿದಳು. ಅರ್ಧ, ಅಂದ. ತಲೆ ಸುತ್ತುತಾ ಇದೆಯಾ? ಸುತ್ತದೆ ಇರುತ್ತದೆಯೇ, ಇಲ್ಲದಿದ್ದರೆ ಅಷ್ಟೆಲ್ಲ ಮಾತಾಡುತ್ತಿದ್ದೆನಾ, ಧೈರ್ಯವೆಲ್ಲ ಬಾಟಲಿಯದೇ ಕಣಮ್ಮ, ಅಂದ.

ದಿವ್ಯ ನಿಂತಳು. ಅವಳ ಮುಖದಲ್ಲಿ ಲೆಕ್ಕ ಓಡುತ್ತಿದ್ದುದು ಕಾಣುತ್ತಿತ್ತು. “ಅದರಲ್ಲಿ ಅಷ್ಟೆಲ್ಲ ಇರಲ್ಲ ಸರ್. ಮುಚ್ಚಳ ಈಗ ತಾನೆ ಎದ್ದಿದ್ದು. ಅರ್ಧ ಪರ್ಸೆಂಟೂ ಇರಲ್ಲ. ಹುಳಿ ಮಜ್ಜಿಗೆ ಕುಡಿದ ಹಾಗೆ ಅಷ್ಟೆ.”

ಚಲಪತಿ ಅವಳನ್ನೇ ನೋಡಿದ. ಮಜ್ಜಿಗೆ. ಗೋಡೆಯ ಮೇಲಿಟ್ಟಿದ್ದ ಕೈಯನ್ನು ತೆಗೆದ, ಬೀಳಲಿಲ್ಲ. ಒಂದು ಕಾಲೆತ್ತಿ ನಿಂತು ನೋಡಿದ, ಆಗಲೂ ಬೀಳಲಿಲ್ಲ. ಹಾಗಾದರೆ ಗೋಡೆಗೆ ಥ್ಯಾಂಕ್ಸ್ ಹೇಳಿದ್ದು ಯಾರು, ಮೇಜು ಹಿಡಿದು ನಕ್ಕಿದ್ದು ಯಾರು, ಅಷ್ಟೂ ಜನರ ಮುಂದೆ ಹದಿನಾರು ಅಂತ ಎಣಿಸಿ ಹೇಳಿದ್ದು ಯಾರು? ಅವನಿಗೆ ಭಯವಾಯಿತು, ಭಯದ ಬೆನ್ನಿಗೇ ಮತ್ತೆ ಆ ಗುಳ್ಳೆ, ಈ ಸಲ ಸಣ್ಣದು, ತಿಳಿಯಾದದ್ದು, ಗಂಟಲಲ್ಲಿ ನಿಲ್ಲದೆ ನೇರ ಹೊರಗೆ ಬಂತು. ದಿವ್ಯಳೂ ನಕ್ಕಳು. ಕೋಳಿಯ ಕಾವಿನ ಮಾತಿಗೆ ಅವಳು ಉಳಿಸಿಕೊಂಡಿದ್ದ ನಗು ಇರಬೇಕು.

ಶೆಡ್ಡಿನಲ್ಲಿ ಅಮ್ಮಯಮ್ಮ ಆಗಲೇ ಸಮೀರನನ್ನು ಹಿಡಿದು ಹಲಗೆಯ ಒಂದು ತುದಿಗೆ ಹಚ್ಚಿದ್ದಳು. ಮೂಡಲಿಗೆ ತಲೆ ಬಂದರೆ ಸ್ವಾಮಿ ಮಲಗುತ್ತಾನೆ, ಹಾವು ಅಂದಮೇಲೆ ಮಲಗಲೇಬೇಕಲ್ಲ, ತಲೆ ತಗ್ಗಾದರೆ ತೊಟ್ಟಿಲಲ್ಲೂ ಮಗುವಿನ ತಲೆ ತಗ್ಗಾಗುತ್ತದೆ, ಇಷ್ಟು ಹೇಳೋಕೆ ನನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು, ಅಂತ ಅವಳು ಬೈಯುತ್ತಿದ್ದದ್ದು ಸಮೀರನನ್ನೋ, ಮನೋಹರನನ್ನೋ, ಹಲಗೆಯನ್ನೋ ಗೊತ್ತಾಗುತ್ತಿರಲಿಲ್ಲ. ಚಲಪತಿ ಇನ್ನೊಂದು ತುದಿ ಹಿಡಿದ. ಕಬ್ಬಿಣದ ಕಾಲುಗಳು ನೆಲವನ್ನು ಕೆರೆಯುತ್ತ, ಕಿರ್ರೆನ್ನುತ್ತ ಹಲಗೆ ಉತ್ತರದಿಂದ ಪೂರ್ವಕ್ಕೆ ತಿರುಗಿತು. ಸಮೀರ್ ಅವನ ಕಡೆ ನೋಡಲಿಲ್ಲ. ಇನ್ನೊಂಚೂರು ನಿಮ್ ಕಡೆಗಣ್ಣ, ಅಂದ ಮಾತ್ರ. ಆ ಅಣ್ಣ ಇನ್ನೂ ಇತ್ತು. ದಿವ್ಯ ಎರಡು ಡಜನ್ ತೊಳೆದ ಸ್ವಾಮಿ ಬಾಟಲಿ ತರಿಸಿದಳು, ಮಾವಿನ ರಸವೇ ತುಂಬಿಸಿ ನೋಡೋಣ ಅಂದಳು. ಮೊದಲನೆಯದು ಮುಚ್ಚಳ ಬಿಗಿದುಕೊಂಡು ಆವಿಯಾಡುತ್ತ ಬಂತು, ಹಳದಿ ರಸದ ಮುಂದೆ ಬಂಗಾರದ ಹೆಡೆ. ಅಮ್ಮಯಮ್ಮ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮುಖ ಮೇಲೆ ಮಾಡಿ, ಓರೆಗೆ ಮಲಗಿಸಿ, ಗಾಜಿನ ಮೇಲೆ ಕೈಗವಸಿನ ಕೈಯಿಂದ ಎರಡು ಸಲ ತಟ್ಟಿದಳು. ಒಳಗೆ ರಸ ಉರುಳಿ ಮುಚ್ಚಳದ ಹೊಟ್ಟೆಗೆ ತಾಗಿತು.

“ಎಬ್ಬಿಸ್ಲಾ?”

“ಇನ್ನೊಂದು ಹತ್ತು ಸೆಕೆಂಡ್ ಮಲಗಲಿ ಅಮ್ಮ,” ಅಂದಳು ದಿವ್ಯ, ಗಡಿಯಾರದಿಂದ ಕಣ್ಣು ತೆಗೆಯದೆ.

ಎಬ್ಬಿಸಿ, ತಣ್ಣೀರು ಚಿಮುಕಿಸುವ ಜಾಲರಿಯ ಕೆಳಗೆ ಹಾಯಿಸಿ, ಅದನ್ನು ಮೇಜಿನ ಮೇಲಿಟ್ಟರು. ಚಲಪತಿ ಕಿವಿಯನ್ನು ಅದರ ಹತ್ತಿರ ತಂದ. ಬಾಟಲಿ ಮೆಲ್ಲಗೆ ತಣಿಯುತ್ತಿತ್ತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಯಾರೂ ಮುಟ್ಟದೆಯೇ, ಒಳಗಿನಿಂದ ಯಾರೋ ಎಳೆದುಕೊಂಡ ಹಾಗೆ, ಗುಬುಟು ಟಕ್ ಎಂದು ಕೆಳಗೆ ಕೂತಿತು. ಅವನು ಬೆರಳಿಟ್ಟು ಒತ್ತಿದ. ಅದು ಅಲುಗಲಿಲ್ಲ.